ಚಳಿಗಾಲದಲ್ಲಿ ಕಾರ್ಕಸೋನ್: ಕೋಟೆ ನೋಡಿ, ರೂಮು ಮಾತ್ರ ಕೆಳಗೆ ಮಾಡಿ

ದಕ್ಷಿಣ ಫ್ರಾನ್ಸಿನ ಕೋಟೆ ಊರು ಕಾರ್ಕಸೋನ್‌ಗೆ ಹಿಂದೊಮ್ಮೆ ಆಗಸ್ಟ್‌ನಲ್ಲಿ ಹೋಗಿದ್ದಾಗ ಕೋಟೆಯ ನಾರ್ಬೋನ್ ಬಾಗಿಲ ಹತ್ತಿರ ಕಾಲಿಡಲೂ ಜಾಗ ಇರಲಿಲ್ಲ. ಈ ಸಲ ಜನವರಿಯಲ್ಲಿ ಹೋದೆವು. ಬೀದಿಯೆಲ್ಲ ಖಾಲಿ. ಟೂಲೂಸ್‌ನಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಇದು ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ಗದ್ದಲ ಆಗದವರು ಚಳಿಯಲ್ಲೇ ಹೋಗಿ. ಆದರೆ ಕೋಟೆಯೊಳಗೆ ಮಾತ್ರ ಉಳಿಯಬೇಡಿ.

ಅಲ್ಲಿ ನಮಗೆ ಸಿಕ್ಕ ರೂಮಿನ ಬಾಡಿಗೆ ಕೆಳಗಿನ ಊರಿನ ಎರಡರಷ್ಟು. ಒಳಗಿದ್ದದ್ದು ಮೊಣಕಾಲೆತ್ತರದ ಒಂದೇ ಹೀಟರ್. ಕಿಟಕಿ ಸಂದಿಯಿಂದ ಗಾಳಿ ನುಗ್ಗಿ ಪರದೆ ರಾತ್ರಿಯಿಡೀ ಅಲ್ಲಾಡುತ್ತಿತ್ತು. ಇನ್ನೊಂದು ಹೀಟರ್ ಕೊಡಿ ಅಂದರೆ, ಹಳೇ ಕಟ್ಟಡ, ವೈರಿಂಗ್ ತಡೆಯಲ್ಲ ಅಂದರು. ಬೆಳಿಗ್ಗೆ ನೋಡಿದರೆ ಬಿಲ್ಲಿನಲ್ಲಿ ಹೀಟರ್‌ಗೆ ಅಂತ ಬೇರೆ ದುಡ್ಡು! ಬುಕ್ ಮಾಡುವಾಗ ಅದರ ಸುದ್ದಿಯೇ ಇರಲಿಲ್ಲ. ಇದು ಮೋಸ ಅಲ್ವಾ? ರಾತ್ರಿ ಊಟಕ್ಕೆ ಸುತ್ತಿದರೆ ಬಹಳಷ್ಟು ಹೋಟೆಲುಗಳು ಬಾಗಿಲು ಹಾಕಿದ್ದವು.

ಇಲ್ಲಿ ವಾಯವ್ಯದಿಂದ ಬೀಸುವ ಗಾಳಿಗೆ ಸೆರ್ಸ್ ಅಂತ ಹೆಸರು. ಬಿಸಿಲಿದ್ದರೂ ಕಿವಿ ಮರಗಟ್ಟುತ್ತದೆ. ಛತ್ರಿ ಕೆಲಸಕ್ಕೆ ಬರಲ್ಲ, ಟೋಪಿಯಿರುವ ದಪ್ಪ ಜಾಕೆಟ್ ಬೇಕು. ಗಾಳಿ ಜೋರಿದೆ ಅಂತ ನಾವು ಹೋದ ದಿನ ಗೋಡೆಯ ಮೇಲೆ ಹತ್ತಲು ಬಿಡಲಿಲ್ಲ. ಕೋಟೆಯೊಳಗಿನ ಅರಮನೆಯ ಟಿಕೆಟ್ ತೆಗೆಯುವ ಮೊದಲೇ, ಗೋಡೆ ಹತ್ತಲು ಬಿಡುತ್ತಾರಾ ಅಂತ ಕೌಂಟರ್‌ನಲ್ಲಿ ಕೇಳಿಬಿಡಿ.

ಗೋಡೆ ಹತ್ತದಿದ್ದರೂ ನಷ್ಟವಿಲ್ಲ. ಎರಡು ಸುತ್ತಿನ ಗೋಡೆಗಳ ನಡುವೆ ಲೀಸ್ ಅನ್ನುವ ಬಯಲಿದೆ, ಟಿಕೆಟ್ ಇಲ್ಲದೆ ಸುತ್ತಬಹುದು. ಉತ್ತರದ ಕಡೆ ಹೋಗಿ ಒಳಗೋಡೆಯ ಬುರುಜುಗಳ ಹತ್ತಿರ ನಿಲ್ಲಿ. ಸಣ್ಣ ಕಲ್ಲುಗಳ ನಡುವೆ ತೆಳ್ಳನೆಯ ಕೆಂಪು ಇಟ್ಟಿಗೆಯ ಸಾಲು ಕಾಣುತ್ತದೆ. ಅದು ರೋಮನ್ನರ ಕಾಲದ ಕೆಲಸ. ಕೋಟೆಯ ಚೂಪು ಚಾವಣಿಗಳು 1853ರಲ್ಲಿ ಶುರುವಾದ ರಿಪೇರಿಯವು. ರಿಪೇರಿ ಮಾಡಿಸಿದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಅವಕ್ಕೆ ಉತ್ತರ ಫ್ರಾನ್ಸಿನ ಥರ ಸ್ಲೇಟ್ ಕಲ್ಲು ಹೊದಿಸಿದ ಅಂತ ಬಹಳ ಜನರಿಗೆ ಬೇಸರ. ನನಗೂ ಅವು ಒಪ್ಪಲಿಲ್ಲ. ಆದರೆ 1849ರಲ್ಲಿ ಸರ್ಕಾರ ಕೆಡವಲು ಹೊರಟಿದ್ದ ಕೋಟೆ ಇದು. ಊರಿನವರು ಹೋರಾಡಿ ಉಳಿಸಿಕೊಂಡ 52 ಬುರುಜುಗಳನ್ನು ಆತ ನಿಲ್ಲಿಸಿಕೊಟ್ಟ, ಆ ಋಣ ದೊಡ್ಡದು.

ಊಟಕ್ಕೂ ನಿದ್ದೆಗೂ ಕೆಳಗಿನ ಊರಾದ ಬಾಸ್ತೀದ್‌ಗೆ ಇಳಿಯಿರಿ. ಪೋಂ ವ್ಯೂ ಎಂಬ ಹಳೇ ಸೇತುವೆ ದಾಟಿದರೆ ಇಪ್ಪತ್ತೈದು ನಿಮಿಷದ ನಡಿಗೆ. ಕಾರ್ನೋ ಚೌಕದಲ್ಲಿ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ತರಕಾರಿ ಸಂತೆ. ಅದರ ಹಿಂದಿನ ಗಲ್ಲಿಯೊಂದರಲ್ಲಿ ಏಳೆಂಟು ಮೇಜಿನ ಪುಟ್ಟ ಹೋಟೆಲು. ಸಂತೆ ವ್ಯಾಪಾರಿಗಳೇ ಗಿರಾಕಿಗಳು. ಸೂಪು, ಬ್ರೆಡ್ಡು, ಕಾಸುಲೆ ಸೇರಿ 16 ಯೂರೋ. ಕಾಸುಲೆ ಮಣ್ಣಿನ ಬೋಗುಣಿಯಲ್ಲೇ ಕುದಿಯುತ್ತಾ ಬಂತು. ಮೇಲೆ ಕಂದು ಕೆನೆಪದರ. ಚಮಚದಿಂದ ಒಡೆದರೆ ಒಳಗೆ ಬೆಣ್ಣೆಯಂತೆ ಬೆಂದ ಬಿಳಿ ಕಾಳು, ಬಾತುಕೋಳಿ ಕಾಲು, ಸಾಸೇಜು. ಕಾಲು ಗಂಟೆಯಾದರೂ ಬೋಗುಣಿಯ ಬಿಸಿ ಆರಲಿಲ್ಲ. ಬಾಣಸಿಗರೇ ಹೊರಗೆ ಬಂದು, ತಳಕ್ಕೆ ಹತ್ತಿದ್ದನ್ನು ಬ್ರೆಡ್ಡಿನಲ್ಲಿ ಕೆರೆದು ತಿನ್ನಿ ಅಂತ ತೋರಿಸಿಕೊಟ್ಟರು. ಮರುದಿನವೂ ಅಲ್ಲಿಗೇ ಹೋದೆವು. ಸಸ್ಯಾಹಾರಿಗಳೇ, ಆ ಕಾಳು ಬೇಯುವುದೇ ಮಾಂಸದ ಕೊಬ್ಬಿನಲ್ಲಿ. ನಿಮಗೆ ಮೇಕೆ ಚೀಸಿನ ಸಲಾಡ್ ಸಿಗುತ್ತದೆ. ಎಲ್ಲರೂ ಹನ್ನೆರಡಕ್ಕೇ ಹೋಗಿ ಕೂತುಬಿಡಿ, ಎರಡಾದರೆ ಒಲೆ ಆರಿಸುತ್ತಾರೆ.

ಊರಿನಲ್ಲಿ ಹರಿಯುವ ಕನಾಲ್ ದ್ಯು ಮಿದಿ ಕಾಲುವೆಯಲ್ಲಿ ಬೋಟ್ ಹತ್ತುವ ಆಸೆಯಿದ್ದರೆ ವಸಂತಕ್ಕೆ ಕಾಯಿರಿ. ಚಳಿಗಾಲದಲ್ಲಿ ಅರಮನೆ ಸಂಜೆ ಐದಕ್ಕೇ ಮುಚ್ಚುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಒಳಗೆ ಹೋಗಲು ದುಡ್ಡಿಲ್ಲ, ದಿನ ಆರಿಸುವಾಗ ಅದನ್ನು ನೋಡಿಕೊಳ್ಳಿ.