ಚರ್ಚಿಲ್, ಚಿಟ್ಟೆ, ಇಲಿ
1896ರಲ್ಲಿ ಬೆಂಗಳೂರು ದಂಡಿಗೆ ಬಂದಾಗ ವಿನ್‌ಸ್ಟನ್ ಚರ್ಚಿಲ್‌ಗೆ ಇನ್ನೂ 21. ನಾಲ್ಕನೇ ಹುಸಾರ್ಸ್ ಕುದುರೆ ಪಡೆಯ ಕಿರಿಯ ಅಧಿಕಾರಿ. ಬೆಳಿಗ್ಗೆ ಕವಾಯತು, ಸಂಜೆ ಪೋಲೋ, ನಡುವೆ ಸುಡುಬಿಸಿಲಿನ ಹೊತ್ತು ಓದು.

ಅಮ್ಮನಿಗೆ ಬರೆದ ಕಾಗದಗಳಲ್ಲಿ ಮತ್ತೆ ಮತ್ತೆ ಅದೇ ರಾಗ: ಪುಸ್ತಕ ಕಳಿಸು, ದುಡ್ಡಿಲ್ಲ. (ಹಾಸ್ಟೆಲ್ ಹುಡುಗರು ಇನ್ನೇನು ಬರೀತಾರೆ ಹೇಳಿ!)

ನನಗೆ ಹಿಡಿಸಿದ್ದು ತಮ್ಮ ಜಾಕ್‌ಗೆ ಬರೆದದ್ದು. ಆಸೆಪಟ್ಟು ಕೂಡಿಸಿಟ್ಟಿದ್ದ ಚಿಟ್ಟೆಗಳನ್ನೆಲ್ಲ ಇಲಿಯೊಂದು ಪೆಟ್ಟಿಗೆಗೆ ನುಗ್ಗಿ ತಿಂದುಹಾಕಿತಂತೆ. ಸಾಹೇಬರು ಬಿಡ್ತಾರಾ? ಅದನ್ನ ಹಿಡಿದು ಟೆರಿಯರ್ ನಾಯಿಯಿಂದ ಕೊಲ್ಲಿಸಿದರಂತೆ.

1943ರ ಬಂಗಾಳದ ಕ್ಷಾಮದ ಹೊತ್ತಿಗೆ ಬ್ರಿಟನ್ನಿನ ಪ್ರಧಾನಿ ಇದೇ ಹುಡುಗ. ಅದು ನೆನಪಾದರೆ ಮೈ ಉರಿಯುತ್ತೆ. ಆದರೂ ಇಲಿ ವಿಷಯಕ್ಕೆ ನಗು ತಡೆಯೋಕಾಗಲಿಲ್ಲ.