ನೆಟ್ ಬರಬಾರದೆಂದೇ

ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಯ ಹುಡುಗ ನನ್ನನ್ನೊಮ್ಮೆ, ಲ್ಯಾಪ್‌ಟಾಪನ್ನೊಮ್ಮೆ ನೋಡಿದ. "ಮೇಡಂ, ವೈಫೈ ಕಾರ್ಡ್ ತೆಗೆದರೆ ನೆಟ್ ಬರುವುದಿಲ್ಲ."

"ಬರಬಾರದೆಂದೇ ತೆಗೆಸುತ್ತಿದ್ದೇನಪ್ಪಾ."

ಕೀಲಿಮಣೆ ಎತ್ತಿ ಪುಟ್ಟ ಕಾರ್ಡನ್ನು ಕಿತ್ತ. ಅದಕ್ಕೆ ಸಿಕ್ಕಿಸಿದ್ದ ಆಂಟೆನಾ ತಂತಿಗಳ ತುದಿಗೆ ಟೇಪ್ ಸುತ್ತಿ, ಹಳೆಯ ಹಾರ್ಡ್ ಡಿಸ್ಕ್ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿಕೊಟ್ಟ. ಮಗನ ಇಂಜಿನಿಯರಿಂಗ್ ಮುಗಿದ ಮೇಲೆ ಅಟ್ಟ ಸೇರಿದ್ದ ಥಿಂಕ್‌ಪ್ಯಾಡ್ ಎಕ್ಸ್220, 2011ರ ಮಾದರಿ, ಹೀಗೆ ಕಥೆ ಬರೆಯಲೆಂದೇ ನನ್ನ ಪಾಲಿಗೆ ಬಂತು. ಈಗಿನ ತೆಳು ಲ್ಯಾಪ್‌ಟಾಪ್‌ಗಳ ಮಟ್ಟಸ ಕೀಲಿಗಳ ಮುಂದೆ ಇದರ ಕೀಲಿಗಳೇ ಮೇಲು. ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ.

ಫೇಸ್‌ಬುಕ್ ಚಟ ನನಗಿಲ್ಲ. ನನ್ನ ರೋಗ ಹುಡುಕಾಟ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮಾಲೂರಿನ ಕಡೆಯಿಂದ ಮೂಟೆ ತರುವ ಮುದುಕನೊಬ್ಬನ ಕಥೆ ಬರೆಯುತ್ತಿದ್ದೆ. ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಗಣಪತಿ ಗುಡಿಯ ಮುಂದೆ ಅವನು ಮೂಟೆ ಬಿಚ್ಚಬೇಕು. ಅಷ್ಟರಲ್ಲಿ, 1978ರಲ್ಲಿ ಅವನು ರೈಲಿನಲ್ಲಿ ಬಂದಿರಬಹುದೋ ಬಸ್ಸಿನಲ್ಲೋ ಎಂಬ ಸಂಶಯ. ಮೊಬೈಲ್ ಕೈಗೆತ್ತಿಕೊಂಡರೆ ಹಳೆಯ ನಿಲ್ದಾಣದ ಫೋಟೋಗಳು, ಅಲ್ಲಿಂದ ಉಗಿಬಂಡಿಯ ವಿಡಿಯೋಗಳು. ಮುದುಕ ಮೂಟೆ ಹೊತ್ತೇ ನಿಂತಿರುತ್ತಿದ್ದ. ಈಗ ಸಂಶಯ ಬಂದ ಕಡೆ ಮೂರು ಪ್ರಶ್ನೆ ಚಿಹ್ನೆ ಒತ್ತಿ ಮುಂದೆ ಹೋಗುತ್ತೇನೆ. ಕಥೆ ತಿದ್ದುವಾಗ ಆ ವಾಕ್ಯವನ್ನೇ ಹೊಡೆದು ಹಾಕಿರುವುದು ಬಹಳ ಸಲ. ಮೊಬೈಲ್ ಅಡುಗೆಮನೆಯ ಫ್ರಿಜ್ ಮೇಲೆ ಕೂರುತ್ತದೆ, ಆ ಮಾತು ಬೇರೆ.

ಇಂಥ ಯಂತ್ರ ಮಾಡಿಕೊಂಡ ಇಂಗ್ಲಿಷ್ ಬರಹಗಾರರು ಬರಿಯ ಕಪ್ಪು ಪರದೆಯಲ್ಲೇ ಬರೆಯಿರಿ ಎನ್ನುತ್ತಾರೆ. ಕನ್ನಡಕ್ಕೆ ಅದು ಒಗ್ಗುವುದಿಲ್ಲ. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಆ ಕಪ್ಪು ಪರದೆ, ಅಂದರೆ ಕನ್ಸೋಲ್, ಅಕ್ಷರಗಳನ್ನು ಸಾಲಾಗಿ ಚೌಕಗಳಲ್ಲಿ ಕೂರಿಸಬಲ್ಲದೇ ಹೊರತು, ಕಾಗುಣಿತ ಕೂಡಿಸುವುದು, ಒತ್ತಕ್ಷರವನ್ನು ಕೆಳಗಿಳಿಸುವುದು ಅದಕ್ಕೆ ಬಾರದು. ಹಾಗಾಗಿ ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ ಜೊತೆಗೆ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಬರೆಯಲು ಫೋಕಸ್‌ರೈಟರ್, ಓದಲು ಹಿತವಾದ ಗುಬ್ಬಿ ಫಾಂಟ್. ಮಗ ಇಷ್ಟನ್ನೂ ಹಾಕಿಕೊಟ್ಟ. "ಅಮ್ಮಾ, ಇದಕ್ಕಿಂತ ಒಂದು ನೋಟ್‌ಬುಕ್ ಸಾಕಿತ್ತಲ್ಲ" ಎಂದ. ನನ್ನ ಕೈಬರಹವನ್ನು ಮರುದಿನ ನಾನೇ ಓದಲಾರೆ ಎಂಬುದು ಅವನಿಗೂ ಗೊತ್ತು.

ಕನ್ನಡದ ಕೀಲಿ ವಿನ್ಯಾಸ ಕೆ.ಪಿ. ರಾವ್ ಅವರದು, ನುಡಿ ತಂತ್ರಾಂಶ ಬಳಸಿದವರಿಗೆಲ್ಲ ಪರಿಚಿತ. ಇದರಲ್ಲಿ ಒತ್ತು ಕೊಡುವುದು ಎಫ್ ಕೀಲಿ: 'ಅಕ್ಕ' ಬರೆಯಲು ಎ, ಕೆ, ಎಫ್, ಕೆ. ಮಗ ಸವೆಸಿದ್ದು ಆಟಕ್ಕೆ ಬೇಕಾದ ಡಬ್ಲ್ಯೂ, ಎ, ಎಸ್, ಡಿ ಕೀಲಿಗಳನ್ನು. ಪಕ್ಕದ ಎಫ್ ಈಗ ನನ್ನ ದ್ವಿತ್ವಗಳಿಂದ ಹೊಳೆಯತೊಡಗಿದೆ. ಮಳೆ ಬಂದು ಹನುಮಂತನಗರದಲ್ಲಿ ಕರೆಂಟ್ ಹೋದರೆ, ಪರದೆಯ ಮೇಲಂಚಿನ ಪುಟ್ಟ ದೀಪ ಕೀಲಿಗಳ ಮೇಲೆ ಬೆಳಕು ಚೆಲ್ಲುತ್ತದೆ. ಹೊಸ ಯಂತ್ರಗಳಲ್ಲಿ ಈ ದೀಪವನ್ನು ಏಕೆ ಕೈಬಿಟ್ಟರೋ!

ಗಡಿಯಾರಕ್ಕೆ ಬೆನ್ನೆಲುಬಾದ ಒಳಗಿನ ಗುಂಡು ಸೆಲ್ ಸತ್ತು, ಒಂದಷ್ಟು ದಿನ ಕಡತಗಳ ಮೇಲೆಲ್ಲ ಹಿಂದಿನ ಯಾವುದೋ ವರ್ಷದ ತಾರೀಖು ಬೀಳುತ್ತಿತ್ತು. ಸರಿಪಡಿಸಲು ನೆಟ್ ಇಲ್ಲವಲ್ಲ. ಸೆಲ್ ಬದಲಾಯಿಸಿದ್ದಾಯಿತು, ಆದರೂ ಕಡತದ ಹೆಸರಿನಲ್ಲೇ ತಾರೀಖು ಬರೆದಿಡುವ ಅಭ್ಯಾಸ ಉಳಿದುಕೊಂಡಿದೆ.

ಬರೆದದ್ದು ಪೆನ್ ಡ್ರೈವ್‌ನಲ್ಲಿ ಕಚೇರಿಯ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಪತ್ರಿಕೆಗೆ. ತಂಟೆ ಇರುವುದು ಅಲ್ಲಿ. ಪುಟ ಕಟ್ಟುವವರಲ್ಲಿ ಕೆಲವರು ಇನ್ನೂ ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶ ಬಿಟ್ಟಿಲ್ಲ, ಅದಕ್ಕೆ ಈಗಿನ ಕಂಪ್ಯೂಟರುಗಳು ಬಳಸುವ ಯೂನಿಕೋಡ್ ಕನ್ನಡ ತಿಳಿಯದು. ಅವರಿಗಾಗಿ ಪರಿವರ್ತಕದಲ್ಲಿ ಹಾಕಿ ನುಡಿಯ ಹಳೆಯ ಸಂಕೇತಕ್ಕೆ ಇಳಿಸಬೇಕು. ಹಾಗೆ ಇಳಿಸುವಾಗ ಉದ್ಧರಣ ಚಿಹ್ನೆಗಳೂ ಇಂಗ್ಲಿಷ್ ಅಕ್ಷರಗಳೂ ಆಗಾಗ ಕೆಡುವುದರಿಂದ, ಜೊತೆಗೊಂದು ಪಿಡಿಎಫ್ ಲಗತ್ತಿಸಿ, 'ಅನುಮಾನವಿದ್ದರೆ ಇದನ್ನು ನೋಡಿ' ಎಂದು ಬರೆದು ಕಳುಹಿಸುತ್ತೇನೆ.