ರೋಲಿನ ಭಾರ ತಡೆಯಿತು, ಸ್ಟ್ಯಾಂಡ್ ನಿಲ್ಲಲಿಲ್ಲ

ಸಿಬ್ಬಂದಿಯ ಗ್ರೂಪ್ ಫೋಟೊ ನಡೆಯುತ್ತಿತ್ತು. ಹಿನ್ನೆಲೆಗೆಂದು ಎರಡು ಸ್ಟ್ಯಾಂಡುಗಳ ನಡುವೆ ಅಡ್ಡ ಬಾರ್ ಹಾಕಿ, ಅದರಲ್ಲಿನ ರೋಲಿನಿಂದ ಪೇಪರ್ ಪರದೆ ಇಳಿಬಿಟ್ಟಿದ್ದೆವು. ಹಿಂದಿನ ಸಾಲಿನಲ್ಲಿ ನಿಂತವರೊಬ್ಬರು ಅರ್ಧ ಹೆಜ್ಜೆ ಹಿಂದಕ್ಕೆ ಸರಿದರು. ಹಿಮ್ಮಡಿ ಬಿದ್ದದ್ದು ಪೇಪರ್ ನೆಲಕ್ಕೆ ಇಳಿಯುವ ಬಾಗಿನ ಮೇಲೆ. ಎಡಗಡೆ ಸ್ಟ್ಯಾಂಡಿನ ಹಿಂಗಾಲು ನೆಲ ಬಿಟ್ಟು ಮೇಲೆದ್ದಿತು. 'ಸರ್, ಬಾರ್!' ಎಂದು ಲೈಟ್ ನೋಡಿಕೊಳ್ಳುವ ಹುಡುಗ ಓಡಿಬಂದು ಕಂಬ ತಬ್ಬಿಕೊಂಡ. 2.6 ಮೀಟರ್ ಎತ್ತರದಲ್ಲಿ 6 ಕೆಜಿಯ ಪೇಪರ್ ರೋಲ್, ಅದರ ಕೆಳಗೆ ಹತ್ತು ಜನ. ಎರಡೂ ಕಂಬ ಹಿಡಿದುಕೊಂಡು, ಒಬ್ಬೊಬ್ಬರನ್ನೇ ಆಚೆ ಕಳಿಸಿ, ಕಂಬ ಬಿಗಿಯುವ ತಿರುಪು (ನಾಬ್) ಸಡಿಲಿಸಿ ಬಾರನ್ನು ಗೇಣು ಗೇಣಾಗಿ ಕೆಳಗಿಳಿಸುವವರೆಗೆ ಯಾರೂ ಮಾತಾಡಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ.

ಸ್ಟ್ಯಾಂಡಿನ ಡಬ್ಬಿಯ ಮೇಲೆ '10 ಕೆಜಿ ಹೊರುತ್ತದೆ' ಎಂದು ಬರೆದಿತ್ತು. ಸುಳ್ಳಲ್ಲ, ಹೊತ್ತಿತು. ಆದರೆ ಅದು ನೇರವಾಗಿ ಕೆಳಕ್ಕೆ ಬೀಳುವ ಭಾರದ ಲೆಕ್ಕ. ಸ್ಟ್ಯಾಂಡ್ ಬೀಳುವುದು ಅಡ್ಡ ಎಳೆತಕ್ಕೆ. ಆ ಲೆಕ್ಕ ಯಾವ ಡಬ್ಬಿಯ ಮೇಲೂ ಇರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಆ ಬೆಳಿಗ್ಗೆ ನಾನು ಹಾಕಲಿಲ್ಲ.

ಮೂರು ಕಾಲಿನ ಸ್ಟ್ಯಾಂಡಿನ ಹರವು 90 ಸೆಂಮೀ ಎಂದರೆ ನಡುಗಂಬದಿಂದ ಕಾಲಿನ ತುದಿಗೆ 45 ಸೆಂಮೀ. ಆದರೆ ಎರಡು ಕಾಲುಗಳ ನಡುವಿನ ದಿಕ್ಕಿಗೆ ವಾಲಿದರೆ ಅದರ ಅರ್ಧ, ಸುಮಾರು 22 ಸೆಂಮೀ ಮಾತ್ರ ಆಸರೆ. ಜನ ಎಡವಬಾರದೆಂದು ನಾನು ಒಂದು ಕಾಲನ್ನು ನೇರ ಹಿಂದಕ್ಕೆ ತಿರುಗಿಸಿದ್ದೆ. ಹಾಗಾಗಿ ಮುಂದಕ್ಕೆ ಇದ್ದದ್ದು ಆ 22 ಸೆಂಮೀ. ಕಿಟ್ಟು (ಎರಡು ಸ್ಟ್ಯಾಂಡು, ಬಾರು), ರೋಲು ಸೇರಿ 10 ಕೆಜಿ ಇದ್ದರೆ, ಮೇಲ್ತುದಿಯನ್ನು ಒಂದು ಕೆಜಿಗಿಂತ ಕಡಿಮೆ ಬಲದಲ್ಲಿ ಮುಂದಕ್ಕೆ ಎಳೆದರೂ ಇಡೀ ಚೌಕಟ್ಟು ಮಗುಚುತ್ತದೆ. ಒಂದು ಹಿಮ್ಮಡಿಗೆ ಅದೇನೂ ಹೆಚ್ಚಲ್ಲ.

ಅದೇ ಹಿಂಗಾಲಿನ ತುದಿಯತ್ತ ತಲಾ 5 ಕೆಜಿಯ ಮರಳುಚೀಲ ಹಾಕಿದ್ದರೆ ಮೂರು ಕೆಜಿ ಎಳೆತದವರೆಗೂ ನಿಲ್ಲುತ್ತಿತ್ತು. ನಮ್ಮಲ್ಲಿದ್ದ ಎರಡೇ ಚೀಲಗಳು ಬೆಳಕು ಮೆದುವಾಗಿಸುವ ಸಾಫ್ಟ್‌ಬಾಕ್ಸ್ ಲೈಟುಗಳಿಗೆ ಹೋಗಿದ್ದವು. ಇನ್ನೆರಡು ಬೇಕೆಂದು ಇಂಡೆಂಟ್ (ಖರೀದಿ ಬೇಡಿಕೆ ಪತ್ರ) ಕಳಿಸಿದಾಗ 'ಮರಳಿಗೂ ಬಿಲ್ಲೇ?' ಎಂದು ಪರ್ಚೇಸ್‌ನವರು ಹಿಂದಕ್ಕೆ ಕಳಿಸಿದ್ದರು. ಅವರು ನೋಡುವುದು ಎತ್ತರ ಮತ್ತು ದರ, ಎರಡೇ ಕಾಲಂ. ಆದರೆ ಚೀಲ ಇಲ್ಲದೆಯೇ ಜನರನ್ನು ನಿಲ್ಲಿಸಿದ್ದು ನಾನು, ಅವರಲ್ಲ. ಖಾಲಿ ಚೀಲ ಒಯ್ದು ಅಲ್ಲೇ ನೀರಿನ ಕ್ಯಾನ್ ಇಟ್ಟರೂ ಸಾಕಿತ್ತು. ಲೀಟರಿಗೆ ಕೆಜಿ, ಲೆಕ್ಕ ಸುಲಭ.

ಇನ್ನೊಂದು ತಪ್ಪೂ ಬೆಳಿಗ್ಗೆಯೇ ಕಣ್ಣಿಗೆ ಬಿದ್ದಿತ್ತು. ಬಾರ್ ನಡುವೆ ಮೂರು ಬೆರಳಿನಷ್ಟು ಜೋತುಬಿದ್ದಿತ್ತು. 'ಫ್ರೇಮಿನಲ್ಲಿ ಬರುವುದಿಲ್ಲ ಬಿಡು' ಎಂದುಕೊಂಡೆ. ಜೋಲು ಬರೀ ನೋಟದ ಸಮಸ್ಯೆಯಲ್ಲ. ಬಾರ್ ಬಾಗಿದಷ್ಟೂ ಎರಡು ಕಂಬಗಳ ತಲೆಯನ್ನು ಒಳಕ್ಕೆ ಎಳೆಯುತ್ತದೆ, ತುದಿಯ ಬೋಲ್ಟ್ ಓರೆಯಾಗುತ್ತದೆ, ಪೇಪರಿನಲ್ಲಿ ಓರೆ ಸುಕ್ಕು ಏಳುತ್ತದೆ.

ಅಗ್ಗದ ಕಿಟ್‌ಗಳಲ್ಲಿ 3 ಮೀಟರ್ ಬಾರ್ ಸಾಮಾನ್ಯವಾಗಿ 75 ಸೆಂಮೀಯ ನಾಲ್ಕು ತುಂಡುಗಳಲ್ಲಿ ಬರುತ್ತದೆ. ಚಿಕ್ಕ ಬ್ಯಾಗಿಗೆ ಹಿಡಿಸಲೆಂದು ಹಾಗೆ ಮಾಡುತ್ತಾರೆ. ನಾಲ್ಕು ತುಂಡೆಂದರೆ ಒಂದು ಕೀಲು ಸರಿಯಾಗಿ ನಟ್ಟನಡುವೆ ಬರುತ್ತದೆ, ಬಾಗುವ ಒತ್ತಡ ಅತಿ ಹೆಚ್ಚಿರುವ ಜಾಗದಲ್ಲೇ. 1 ಮೀಟರಿನ ಮೂರು ತುಂಡಾದರೆ ನಡುವೆ ಕೀಲೇ ಇರುವುದಿಲ್ಲ. ಬ್ಯಾಗ್ ಉದ್ದವಾಗುತ್ತದೆ, ನಿಜ. ಕಾರಿನಲ್ಲಿ ಹೋಗುವವರು ಕಣ್ಣುಮುಚ್ಚಿ ಮೂರು ತುಂಡಿನದನ್ನೇ ತೆಗೆದುಕೊಳ್ಳಲಿ. ನಾಲ್ಕು ತುಂಡಿನದೇ ಬೇಕಾದರೆ ಕೀಲು ಬಿಚ್ಚಿ ನೋಡಿ: ಒಂದು ಪೈಪು ಇನ್ನೊಂದರೊಳಗೆ ಕನಿಷ್ಠ 6–8 ಸೆಂಮೀ ಹೋಗಬೇಕು, ಕೈಯಲ್ಲಿ ಅಲ್ಲಾಡಿಸಿದರೆ ಲಟಲಟ ಅನ್ನಬಾರದು.

ಪೈಪಿನ ದಪ್ಪಕ್ಕೆ ಟೇಪು ಹಿಡಿದು ಅಳೆಯಿರಿ. ಪೈಪಿನ ತಗಡಿನ ದಪ್ಪ ಒಂದೇ ಇದ್ದರೆ 22 ಮಿಮೀ ಪೈಪಿಗಿಂತ 28 ಮಿಮೀಯದು ಎರಡರಷ್ಟು ಗಟ್ಟಿ. ಬಾಗು ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ, ಅದೇ ಭಾರಕ್ಕೆ 2 ಮೀಟರ್ ಬಾರಿಗಿಂತ 3 ಮೀಟರಿನದು ಮೂರುಪಟ್ಟಿಗೂ ಹೆಚ್ಚು ಜೋತುಬೀಳುತ್ತದೆ. ಒಬ್ಬೊಬ್ಬರ ಫೋಟೊ ಮಾತ್ರ ತೆಗೆಯುವವರು 1.35 ಮೀಟರ್ ರೋಲ್, 2 ಮೀಟರ್ ಬಾರ್ ಇಟ್ಟುಕೊಂಡರೆ ಕಡಿಮೆ ದುಡ್ಡಿನ ಕಿಟ್ಟೂ ಚೆನ್ನಾಗಿ ನಿಲ್ಲುತ್ತದೆ. ಉಪಯೋಗವಿಲ್ಲದ ಅಗಲಕ್ಕೆ ಆಸೆಪಡುವುದೇ ಇಲ್ಲಿ ದೊಡ್ಡ ನಷ್ಟ.

ಎಷ್ಟು ಅಗಲ ಬೇಕೆಂದು ಮೊದಲೇ ತಿಳಿಯಬಹುದು. ಜನ ನಿಲ್ಲುವ ಜಾಗದಲ್ಲಿ ಫ್ರೇಮ್ ಎಷ್ಟು ಅಗಲವೋ ಅದನ್ನು ಕ್ಯಾಮೆರಾದಿಂದ ಪರದೆಗಿರುವ ದೂರದಿಂದ ಗುಣಿಸಿ, ಕ್ಯಾಮೆರಾದಿಂದ ಜನರಿಗಿರುವ ದೂರದಿಂದ ಭಾಗಿಸಿ. ಜನ 4 ಮೀಟರಿನಲ್ಲಿ, ಫ್ರೇಮ್ 2 ಮೀಟರ್, ಪರದೆ ಅವರ ಹಿಂದೆ 1.5 ಮೀಟರ್ ಇದ್ದರೆ 2.75 ಮೀಟರ್ ಬೇಕು. 2.72 ಮೀಟರಿನ ರೋಲಿಗೆ ಅಲ್ಲಿಗೇ ಅಂಚು ಕಾಣತೊಡಗುತ್ತದೆ.

ಕೊಂಡ ದಿನವೇ ಒಂದು ಪರೀಕ್ಷೆ ಮಾಡಿ. ಬಾರ್ ಪೂರ್ತಿ ಜೋಡಿಸಿ, ಸೊಂಟದೆತ್ತರದಲ್ಲಿಟ್ಟು, ನಟ್ಟನಡುವೆ 4 ಲೀಟರ್ ನೀರು ತೂಗುಹಾಕಿ. ನಡುವೆ ಬೀಳುವ 4 ಕೆಜಿ, ಉದ್ದಕ್ಕೂ ಹರಡಿದ 6 ಕೆಜಿ ರೋಲಿನಷ್ಟೇ ಹೆಚ್ಚುಕಡಿಮೆ ಬಾಗಿಸುತ್ತದೆ. ನೀರು ತೆಗೆದ ಮೇಲೂ ಬಾಗು ಉಳಿದರೆ ವಾಪಸು ಕೊಟ್ಟುಬಿಡಿ. ನಾಬ್‌ಗಳನ್ನು ಬಿಗಿದು ಕಂಬವನ್ನು ಮೇಲಿನಿಂದ ಒತ್ತಿ ನೋಡಿ, ಜಾರಬಾರದು. ಕಂಬ ಬಿಗಿಯುವ ಪ್ಲಾಸ್ಟಿಕ್ ಬಳೆಯಲ್ಲಿ (ಕಾಲರ್) ಬೋಲ್ಟ್ ಕೂರುವ ಜಾಗಕ್ಕೆ ಲೋಹದ ನಟ್ ಇದೆಯೇ ಎಂದೂ ನೋಡಬೇಕು. ಇಲ್ಲದಿದ್ದರೆ ಪ್ಲಾಸ್ಟಿಕ್ಕಿನ ತಿರುಪು ಸವೆಯುತ್ತದೆ, ನಾವು ಇನ್ನೂ ಬಿಗಿಯುತ್ತೇವೆ, ಕಾಲರ್ ಸೀಳುತ್ತದೆ.

ಹೊರಗೆ ಕೆಲಸ ಇದ್ದರೆ ಈ ಯಾವ ಕಿಟ್ಟೂ ಮರಳುಚೀಲ ಒಂದರಿಂದಲೇ ನಿಲ್ಲುತ್ತದೆಂದು ನಂಬಬೇಡಿ. ಸೆಕೆಂಡಿಗೆ 5 ಮೀಟರಿನ ಗಾಳಿ, ಎಲೆಗಳು ಚೆನ್ನಾಗಿ ಅಲ್ಲಾಡುವಷ್ಟು, 8 ಚದರ ಮೀಟರ್ ಪರದೆಯ ಮೇಲೆ 12 ಕೆಜಿಗೂ ಹೆಚ್ಚು ಬಲದಿಂದ ತಳ್ಳುತ್ತದೆ. ಅದನ್ನು ತಡೆಯಲು ಕಂಬದ ತಲೆಯಿಂದ ಹಿಂದಕ್ಕೂ ಮುಂದಕ್ಕೂ ಹಗ್ಗ ಎಳೆದು ಗೂಟಕ್ಕೆ ಕಟ್ಟಬೇಕು. ಇಲ್ಲವೇ ಪರದೆ ಇಳಿಸಿ ಗೋಡೆ ಹುಡುಕಬೇಕು.

ನಿಲ್ಲಿಸುವ ಕ್ರಮವನ್ನೂ ಬದಲಿಸಿದ್ದೇವೆ. ಹಿಂಗಾಲು ಹಿಂದಕ್ಕೇ ಇರುತ್ತದೆ, ಆದರೆ ಬಾರ್ ಮೇಲೇರುವ ಮೊದಲೇ ಚೀಲ ಅದರ ಮೇಲೆ. ಏರಿಸುವುದು ಇಬ್ಬರು, ಎರಡೂ ಕಡೆ ಸಮನಾಗಿ ಗೇಣು ಗೇಣು. ರೋಲ್ ಬಿಚ್ಚಿಕೊಳ್ಳದಂತೆ ಎರಡು ತುದಿಗೆ ಕ್ಲ್ಯಾಂಪ್. ಪೇಪರಿನ ಮುಂದಿನ ಅಂಚಿಗೆ ಗಾಫರ್ ಟೇಪ್ (ಬಟ್ಟೆಯ ಗಟ್ಟಿ ಅಂಟುಪಟ್ಟಿ), ಬಾಗು ಸಡಿಲವಾಗಿ ಬೀಳುವಂತೆ. ಆ ಬಾಗಿಗೆ ಒಂದು ಹೆಜ್ಜೆ ಮುಂದೆ ನೆಲದಲ್ಲಿ ಎರಡು ಟೇಪಿನ ಗುರುತು, ಯಾರ ಹಿಮ್ಮಡಿಯೂ ಅದನ್ನು ದಾಟಬಾರದು.

ಈ ಸಲದ ಇಂಡೆಂಟಿನಲ್ಲಿ ಎತ್ತರ ಬರೆದ ಕಾಲಂನಲ್ಲೇ 'ಬಾರ್ 28 ಮಿಮೀ, ಮೂರು ತುಂಡು, ಕಾಲಿನ ಹರವು 90 ಸೆಂಮೀಗೆ ಕಡಿಮೆ ಇರಕೂಡದು, 5 ಕೆಜಿ ಚೀಲ ನಾಲ್ಕು ಸೇರಿ' ಎಂದು ಒಂದೇ ಐಟಂ ಆಗಿ ಬರೆದಿದ್ದೇನೆ. ಬಿಡಿಯಾಗಿ ಬರೆದರೆ ಚೀಲವನ್ನೇ ಮೊದಲು ಹೊಡೆದುಹಾಕುತ್ತಾರೆ.